ರೈಲಿನಲ್ಲಿ ಉಳಿದ ಚೀಲ, ಹೆಸರು ಗೊತ್ತಿಲ್ಲದ ಪುಸ್ತಕ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ರೈಲ್ವೆಯಲ್ಲಿ ದುಡಿದವರೂ ಇದ್ದೀರಿ, ಲೈಬ್ರರಿಯವರೂ ಇದ್ದೀರಿ. ನನ್ನ ಕಷ್ಟಕ್ಕೆ ಇಬ್ಬರೂ ಬೇಕು.

ಭಾನುವಾರ ರಾತ್ರಿ ಅಪ್ಪನನ್ನು ಕರೆದುಕೊಂಡು ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ನಮಗೆ ಸಿಕ್ಕಿದ್ದು ಮಿಡಲ್ ಮತ್ತು ಅಪ್ಪರ್ ಬರ್ತ್. ಪಕ್ಕದ ಹುಡುಗನೊಬ್ಬ ಪಾಪ ತನ್ನ ಲೋವರ್ ಬರ್ತನ್ನು ಅಪ್ಪನಿಗೆ ಬಿಟ್ಟುಕೊಟ್ಟ. ಬೆಳಗ್ಗೆ ಬೆಂಗಳೂರಿನಲ್ಲಿ ಇಳಿಯುವಾಗ ಒಂದು ಕೈಯಲ್ಲಿ ಅಪ್ಪ, ಇನ್ನೊಂದು ಕೈಯಲ್ಲಿ ದೊಡ್ಡ ಬ್ಯಾಗು. ಸೀಟಿನ ಕೆಳಗೆ ಒಳಕ್ಕೆ ತಳ್ಳಿದ್ದ ಬಟ್ಟೆ ಚೀಲ ಅಲ್ಲೇ ಉಳಿಯಿತು. ಮಧ್ಯಾಹ್ನ ಅಪ್ಪ ಕೇಳಿದಾಗಲೇ ನನಗೆ ನೆನಪಾದದ್ದು. ಇವತ್ತು ಬುಧವಾರ.

ಚೀಲದಲ್ಲಿ ಒಂದು ಶಾಲು, ಸ್ಟೀಲ್ ಡಬ್ಬಿ, ಅಪ್ಪನ ಓದುವ ಕನ್ನಡಕ ಮತ್ತು ಒಂದು ಹಳೆಯ ಪುಸ್ತಕ ಇತ್ತು. ಬೇಕಾಗಿರುವುದು ಆ ಪುಸ್ತಕ. ಅಪ್ಪನಿಗೆ 74. ಎರಡು ವರ್ಷದ ಹಿಂದೆ ಲಕ್ವ ಹೊಡೆಯಿತು. ಅಂದಿನಿಂದ ಹೊಸದೇನು ಓದಿದರೂ ತಲೆಯಲ್ಲಿ ನಿಲ್ಲುವುದಿಲ್ಲ. ಇದೊಂದನ್ನು ಮಾತ್ರ ದಿನಾ ಅರ್ಧ ಪುಟ, ಒಂದು ಪುಟ ಓದುತ್ತಾರೆ. ತಮ್ಮಷ್ಟಕ್ಕೆ ತಾವೇ ನಗುತ್ತಾರೆ.

ಅದರ ಹೆಸರು ನನಗೆ ಗೊತ್ತಿಲ್ಲ. ರಟ್ಟು, ಮೊದಲ ಕೆಲವು ಪುಟ ನಾನು ಹೈಸ್ಕೂಲಿನಲ್ಲಿದ್ದಾಗಲೇ ಹರಿದು ಹೋಗಿದ್ದವು. ಮನೆಯಲ್ಲಿ ಎಲ್ಲರೂ ‘ಮೇಷ್ಟ್ರ ಪುಸ್ತಕ’ ಅಂತಲೇ ಕರೆಯುವುದು. ಇಷ್ಟು ವರ್ಷ ಕಣ್ಣೆದುರೇ ಇತ್ತು, ನಾನು ಒಂದು ಸಲವೂ ಓದಲಿಲ್ಲ. ಈಗ ಅದು ಚುಚ್ಚುತ್ತಿದೆ. ಅಪ್ಪನನ್ನು ಕೇಳಿದರೆ ಬಿಡಿಬಿಡಿಯಾಗಿ ಹೇಳುತ್ತಾರೆ. ಮೇಷ್ಟ್ರು ಹುಡುಗರನ್ನು ಕಾಡಿಗೆ ಕರೆದುಕೊಂಡು ಹೋಗುತ್ತಾರಂತೆ. ಗಿಡಗಳ ಗೆರೆಚಿತ್ರಗಳಿವೆ. ಆಲೂಗಡ್ಡೆ, ಮೆಣಸಿನಕಾಯಿ ಸಮುದ್ರ ದಾಟಿ ಬಂದ ಕಥೆ ಇದೆ. ತುಂಬಾ ನಗು ಬರುತ್ತದೆ. ಅಪ್ಪ ಮೇಷ್ಟ್ರ ಕೆಲಸಕ್ಕೆ ಸೇರಿದ ಹೊಸತರಲ್ಲಿ, 1979ರ ಸುಮಾರಿಗೆ ಕೊಂಡದ್ದು.

ಚೀಲ ಸಿಗುವ ದಾರಿ ಇದೆಯಾ? ಸಿಗದಿದ್ದರೆ ಪುಸ್ತಕ ಯಾವುದು ಅಂತಾದರೂ ತಿಳಿಯಬಹುದಾ? ಟಿಕೆಟಿನ ಫೋಟೊ ಹಾಕಿದ್ದೇನೆ.

ಉತ್ತರ: ನಿವೃತ್ತ ಟಿಟಿಇ (ರೈಲಿನ ಟಿಕೆಟ್ ತಪಾಸಕರು), ಹುಬ್ಬಳ್ಳಿ

ಅಕ್ಕಾವ್ರೆ, ಮೊದಲು ಆ ಫೋಟೊ ತೆಗೆದುಬಿಡಿ. ಪಿಎನ್‌ಆರ್, ಹೆಸರು, ವಯಸ್ಸು ಎಲ್ಲ ಅದರಲ್ಲಿದೆ. ನಿಮ್ಮ ಚೀಲ ಸಿಕ್ಕಿದೆ, ಕೊರಿಯರಿಗೆ ದುಡ್ಡು ಹಾಕಿ ಅಂತ ಯಾರಾದರೂ ಫೋನ್ ಮಾಡಿದರೆ, ಈಗಿನ ಸಂಕಟದಲ್ಲಿ ನೀವು ನಂಬಿಬಿಡುತ್ತೀರಿ. ಒಟಿಪಿ ಯಾರು ಕೇಳಿದರೂ ಕೊಡಬೇಡಿ.

ನೀವು ಬಂದ 16591 ಬೆಂಗಳೂರಿಗೆ ಮುಗಿಯುವ ಗಾಡಿಯಲ್ಲ. ನೀವು ಇಳಿದ ಮೇಲೆ ರಾಮನಗರ, ಮಂಡ್ಯ ದಾಟಿ ಮೈಸೂರಿಗೆ ಹೋಗಿದೆ. ಹಾಗಾಗಿ ಬೆಂಗಳೂರು ಸ್ಟೇಷನ್ನಿನಲ್ಲಿ ಸುಮ್ನೆ ಅಲೆಯಬೇಡಿ. ಗಾಡಿ ಖಾಲಿಯಾದ ಮೇಲೆ ಸೀಟಿನ ಕೆಳಗಿನ ಸಾಮಾನು ಮೊದಲು ಕಾಣುವುದು ಕಸ ಗುಡಿಸುವವರಿಗೆ. ಅವರು ಕೊಟ್ಟದ್ದು ಆರ್‌ಪಿಎಫ್ (ರೈಲ್ವೆ ರಕ್ಷಣಾ ಪಡೆ) ಅಥವಾ ಸ್ಟೇಷನ್ ಮಾಸ್ತರರ ಕೈ ಸೇರುತ್ತದೆ. ಅಲ್ಲಿಂದ ವಾರಸುದಾರರಿಲ್ಲದ ಸಾಮಾನು ಇಡುವ ಕೋಣೆಗೆ ಹೋಗುತ್ತದೆ. ಹಳೆಯ ಬಟ್ಟೆ ಚೀಲವನ್ನು ಕದಿಯುವವರು ಕಡಿಮೆ. ಆಸೆ ಬಿಡಬೇಡಿ.

ಇವತ್ತೇ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ, ಇಲ್ಲವೇ ರೈಲ್ವೆಯ ದೂರಿನ ಆ್ಯಪ್ ರೈಲ್‌ಮದದ್‌ನಲ್ಲಿ ದೂರು ಬರೆಯಿರಿ. ಇಲ್ಲಿ ಜನ ಎರಡು ತಪ್ಪು ಮಾಡುತ್ತಾರೆ. ಒಂದು ತಾರೀಖು. ರಾತ್ರಿ ಗಾಡಿಯಲ್ಲಿ ಬಂದವರು ಇಳಿದ ದಿನವನ್ನು ಬರೆದುಬಿಡುತ್ತಾರೆ. ಸಿಬ್ಬಂದಿ ಬೇರೆ ದಿನದ ಗಾಡಿಯಲ್ಲಿ ಹುಡುಕುತ್ತಾರೆ. ಈ ಗಾಡಿ ಹೊರಡುವುದು ಹುಬ್ಬಳ್ಳಿಯಿಂದ, ಅಲ್ಲಿ ಬಿಟ್ಟ ದಿನವನ್ನೇ ಬರೆಯಿರಿ. ಇನ್ನೊಂದು ಬರ್ತ್ ನಂಬರು. ನಿಮ್ಮ ಚೀಲ ಇದ್ದದ್ದು ಆ ಹುಡುಗನ ಸೀಟಿನ ಕೆಳಗೆ ಅಲ್ವಾ? ಆ ನಂಬರನ್ನೂ ಹಾಕಿ.

‘ಒಂದು ಚೀಲ’ ಅಂತ ಬರೆದರೆ ಸಾಲದು. ಅಂಥವು ನೂರಿರುತ್ತವೆ. ಬಣ್ಣ ಯಾವುದು, ಅದರ ಮೇಲೆ ಯಾವ ಅಂಗಡಿಯ ಹೆಸರಿದೆ, ಡಬ್ಬಿಯ ಮೇಲೆ ಹೆಸರು ಕೆತ್ತಿಸಿದ್ದೀರಾ? ಸ್ಟೀಲ್ ಪಾತ್ರೆಗೆ ನಮ್ಮಲ್ಲಿ ಹೆಸರು ಹಾಕಿಸುತ್ತೇವಲ್ಲ, ಅದಕ್ಕಿಂತ ಒಳ್ಳೆ ಗುರುತು ಇಲ್ಲ. ಆದರೆ ಅದನ್ನು ಈ ಗುಂಪಿನಲ್ಲಿ ಬರೆಯಬೇಡಿ. ಅವರು ಕೇಳಿದಾಗ ಹೇಳಿ.

ಇನ್ನೊಂದು ಮಾತು. ಟಿಕೆಟಿನಲ್ಲಿ ನಿಮ್ಮ ವಯಸ್ಸು 47 ಅಂತಿತ್ತು. ಹಿರಿಯರ ಲೋವರ್ ಬರ್ತ್ ಕೋಟಾ ಗಂಡಸರಿಗೆ 60ಕ್ಕೆ ಶುರುವಾದರೆ ಹೆಂಗಸರಿಗೆ 45ಕ್ಕೇ ಶುರು. ಒಬ್ಬರೇ ಅಥವಾ ಅರ್ಹರಿಬ್ಬರು ಒಂದು ಟಿಕೆಟಿನಲ್ಲಿದ್ದರೆ ಅದರಲ್ಲಿ ಬುಕ್ ಮಾಡಬಹುದು. ಮೂರನೆಯವರು ಸೇರಿದರೆ ಆಗುವುದಿಲ್ಲ. ಟಿಕೆಟ್ ದರದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು. ಅದರ ಜೊತೆ ಈ ಕೋಟಾವೂ ಹೋಯಿತು ಅಂದುಕೊಂಡು ಎಷ್ಟೋ ಜನ ಕೇಳುವುದೇ ಇಲ್ಲ. ಮುಂದಿನ ಸಲ ಆ ಕೋಟಾ ಆರಿಸಿ. ಅಪ್ಪನನ್ನು ಬೇರೆಯವರ ಸೀಟಿಗೆ ಸಾಗಿಸುವ ಪಾಡು ತಪ್ಪಬಹುದು.

ಸದಸ್ಯರೊಬ್ಬರು

ಪುಸ್ತಕ ತೇಜಸ್ವಿಯವರ ‘ಕರ್ವಾಲೊ’ ಇರಬೇಕು. ಕಾಡು ಇದೆ, ನಗುವೂ ಇದೆ.

ಉತ್ತರ: ಲೈಬ್ರೇರಿಯನ್, ಶಿವಮೊಗ್ಗ

‘ಕರ್ವಾಲೊ’ ಅಲ್ಲ ಅನ್ನಿಸುತ್ತದೆ. ಅಲ್ಲಿ ಕಾಡಿಗೆ ಹೋಗುವುದು ಹಾರುವ ಓತಿಯನ್ನು ಹುಡುಕಿಕೊಂಡು. ಅದನ್ನು ಓದಿದವರು ಬೇರೆ ಎಲ್ಲ ಮರೆತರೂ ಓತಿಯನ್ನು ಮರೆಯುವುದಿಲ್ಲ.

ಮೇಡಂ, ಕೌಂಟರಿನಲ್ಲಿ ಕೂತು ನಾನು ಕಲಿತದ್ದು ಹೇಳುತ್ತೇನೆ. ‘ಕೆಂಪು ರಟ್ಟಿನ ಪುಸ್ತಕ ಕೊಡಿ’ ಅಂತ ದಿನಾ ಯಾರಾದರೂ ಬರುತ್ತಾರೆ. ಹರಿದ ಪುಸ್ತಕಗಳಿಗೆಲ್ಲ ನಮ್ಮ ಬೈಂಡರು ಒಂದೇ ಬಣ್ಣದ ಕ್ಯಾಲಿಕೊ ಬಟ್ಟೆ ಅಂಟಿಸಿರುತ್ತಾರೆ. ಹಾಗಾಗಿ ನಾನು ಬಣ್ಣವನ್ನು ನಂಬುವುದಿಲ್ಲ. ಎಲ್ಲಿ ನಕ್ಕಿರಿ, ಎಲ್ಲಿ ಹೆದರಿದಿರಿ, ಯಾವ ಚಿತ್ರ ನೋಡುತ್ತ ಕೂತಿರಿ ಅಂತ ಕೇಳುತ್ತೇನೆ. ನಿಮ್ಮ ಅಪ್ಪ ಕೇಳುವ ಮೊದಲೇ ಅದನ್ನು ಹೇಳಿದ್ದಾರೆ.

ಮೇಷ್ಟ್ರು, ಹುಡುಗರು, ಕಾಡು, ಗಿಡದ ಗೆರೆಚಿತ್ರ, ನಗು. ಇಷ್ಟೂ ಒಂದೇ ಕಡೆ ಇರುವುದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ವಿನಲ್ಲಿ. ಅವರು ಡಿ.ವಿ.ಜಿ.ಯವರ ಮಗ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ವಿದ್ಯಾರ್ಥಿಗಳ ಜೊತೆ ಗಿಡ ಹುಡುಕುತ್ತ ಸುತ್ತಿದ್ದನ್ನೇ ಬರೆದರು. ಚಿತ್ರಗಳನ್ನೂ ತಾವೇ ಬಿಡಿಸಿದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಮ ಅಪ್ಪ ಹೇಳಿದ ಕಾಲಕ್ಕೂ ಸರಿಹೊಂದುತ್ತದೆ.

ಆದರೆ ಆಲೂಗಡ್ಡೆ, ಮೆಣಸಿನಕಾಯಿ ನನ್ನನ್ನು ತಡೆಯುತ್ತಿವೆ. ಅವು ಅದೇ ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕ’ಕ್ಕೆ ಸೇರಿದವು. ದಕ್ಷಿಣ ಅಮೇರಿಕದ ಗಿಡಗಳು ನಮ್ಮ ಅಡುಗೆಮನೆಗೆ ಬಂದ ಕಥೆ ಅದು. ಒಬ್ಬರೇ ಬರೆದ ಎರಡು ಪುಸ್ತಕ ನೆನಪಿನಲ್ಲಿ ಒಂದಾಗುವುದನ್ನು ಬಹಳ ನೋಡಿದ್ದೇನೆ. ಲಕ್ವ ಹೊಡೆದವರಿಗೇ ಆಗಬೇಕಂತಿಲ್ಲ, ನನಗೂ ಆಗಿದೆ.

ಅಪ್ಪನನ್ನು ಇನ್ನೊಮ್ಮೆ ಕೇಳಿ. ‘ಇದೇ ಪುಸ್ತಕನಾ?’ ಅಂತ ಮಾತ್ರ ಕೇಳಬೇಡಿ. ನಿಮ್ಮ ಸಮಾಧಾನಕ್ಕೆ ಹೌದು ಅಂದುಬಿಡುತ್ತಾರೆ. ‘ಆಲೂಗಡ್ಡೆ ಕಥೆ ಎಲ್ಲಿ ಓದಿದಿರಿ?’ ಅಂತ ಕೇಳಿ, ಸುಮ್ಮನಿರಿ. ಉತ್ತರ ಬರಲು ಹೊತ್ತು ಹಿಡಿಯಬಹುದು.

ಪ್ರಶ್ನೆ ಕೇಳಿದವರು, ಗುರುವಾರ

ಕೇಳಿದೆ. ಕಾಫಿ ಆರುವವರೆಗೂ ಏನೂ ಹೇಳಲಿಲ್ಲ. ಆಮೇಲೆ, ‘ಅದು ಬೇರೆ. ಅದನ್ನು ಸ್ಟಾಫ್ ರೂಮಿನಲ್ಲಿ ಯಾರೋ ಓದುತ್ತೀನಿ ಅಂತ ಒಯ್ದರು, ವಾಪಸ್ ಕೊಡಲಿಲ್ಲ’ ಅಂದರು. ನಲವತ್ತು ವರ್ಷದ ಹಿಂದಿನ ಮಾತು ಇರಬೇಕು. ಅಂದರೆ ನಮ್ಮಲ್ಲಿ ಉಳಿದದ್ದು ‘ಹಸುರು ಹೊನ್ನು’, ಅಲ್ವಾ?

139ಕ್ಕೂ ಹೇಳಿದ್ದೇನೆ. ತಾರೀಖು ನಾನೂ ಸೋಮವಾರ ಅಂತಲೇ ಹೇಳುತ್ತಿದ್ದೆ. ನಿಮ್ಮ ಮಾತು ನೆನಪಾಗಿ ಭಾನುವಾರ ಅಂದೆ. ಹುಡುಗನ ಬರ್ತ್ ನಂಬರನ್ನೂ ಕೊಟ್ಟೆ.

ಲೈಬ್ರೇರಿಯನ್

ಹೌದು, ಅದೇ. ಮತ್ತೆ ಮತ್ತೆ ಅಚ್ಚಾಗಿರುವ ಪುಸ್ತಕ, ಹತ್ತಿರದ ಲೈಬ್ರರಿಯಲ್ಲಿ ಕೇಳಿ ನೋಡಿ. ತಂದರೆ ರಟ್ಟು ತೋರಿಸಬೇಡಿ, ಒಳಗಿನ ಚಿತ್ರ ತೋರಿಸಿ. ಅವರ ಪ್ರತಿಗೆ ರಟ್ಟು ಇರಲಿಲ್ಲವಲ್ಲ, ಹೊಸ ರಟ್ಟು ನೋಡಿದರೆ ಬೇರೆ ಪುಸ್ತಕ ಅನ್ನಬಹುದು.

ಪ್ರಶ್ನೆ ಕೇಳಿದವರು, ಶನಿವಾರ

ಮೈಸೂರಿನಿಂದ ಫೋನ್ ಬಂತು! ಡಬ್ಬಿಯ ಮೇಲೆ ಏನು ಬರೆದಿದೆ ಅಂತ ಕೇಳಿದರು. ಅಮ್ಮನ ಹೆಸರು ಹೇಳಿದೆ. ಪುಸ್ತಕ ಇದೆಯಾ ಅಂದೆ. ಪುಟ ತಿರುವುವ ಸದ್ದು ಕೇಳಿಸಿತು. ‘ಗಿಡದ ಚಿತ್ರ ಇದೆ ಮೇಡಂ, ಹೆಸರು ಮಾತ್ರ ಇಲ್ಲ’ ಅಂದರು. ಹೆಸರು ನಾನೇ ಹೇಳಿದೆ. ಸೋಮವಾರ ಹೋಗಿ ತರುತ್ತೇನೆ.

ನಿನ್ನೆ ಲೈಬ್ರರಿಯಿಂದ ಒಂದು ಪ್ರತಿ ತಂದಿದ್ದೆ. ನೀವು ಹೇಳಿದ ಹಾಗೆ ಚಿತ್ರದ ಪುಟ ತೆರೆದು ಮುಂದಿಟ್ಟೆ. ಅಪ್ಪ ಆ ಪುಟ ನೋಡಿ, ಹಿಂದಕ್ಕೆ ತಿರುವುತ್ತ ತಿರುವುತ್ತ ಮೊದಲ ಪುಟಕ್ಕೆ ಹೋದರು. ನಮ್ಮ ಪ್ರತಿಯಲ್ಲಿ ಆ ಪುಟಗಳು ಇಲ್ಲ. ಈಗ ಅಲ್ಲಿಂದಲೇ ಓದುತ್ತಿದ್ದಾರೆ. ಇವತ್ತು ಒಂದೂವರೆ ಪುಟ ಆಯಿತು.

ನಿವೃತ್ತ ಟಿಟಿಇ

ಬಹಳ ಸಂತೋಷವಾಯಿತು ಅಕ್ಕಾವ್ರೆ. ಆಧಾರ್, ಟಿಕೆಟಿನ ಪ್ರಿಂಟು, ದೂರಿನ ನಂಬರು ಮೂರನ್ನೂ ಒಯ್ಯಿರಿ. ಸಹಿ ಹಾಕುವ ಮೊದಲು ಚೀಲ ಬಿಚ್ಚಿ ಕನ್ನಡಕ ಇದೆಯಾ ನೋಡಿಕೊಳ್ಳಿ.