ಅಪ್‌ಡೇಟ್: ಅಪ್ಪನ ಎದೆಬಡಿತ, ಅಬ್ಲೇಷನ್ ಸದ್ಯಕ್ಕೆ ಬೇಡ ಅಂತಾಯಿತು
ಅಪ್ಪನ ಎದೆಬಡಿತ ಆಗಾಗ ತಾಳ ತಪ್ಪುತ್ತದೆ, ಮಾತ್ರೆ ಸಾಕಾ ಅಬ್ಲೇಷನ್ (ತೆಳು ನಳಿಕೆ ತೂರಿಸಿ, ತಾಳ ತಪ್ಪಿಸುವ ಹೃದಯದ ಜಾಗವನ್ನು ಸುಟ್ಟು ಸರಿಮಾಡುವ ಚಿಕಿತ್ಸೆ) ಬೇಕಾ ಅಂತ ಕೇಳಿದ್ದೆನಲ್ಲ, ಮುಂದೇನಾಯಿತು ಅಂತ ಹೇಳುತ್ತೇನೆ. ಹಾಸನದಲ್ಲಿ ತೆಗೆಸಿದ ಇಸಿಜಿ ಮತ್ತೆ ನಾರ್ಮಲ್. ಹೋಲ್ಟರ್ (ದಿನವಿಡೀ ಎದೆಬಡಿತ ದಾಖಲಿಸುವ ಪುಟ್ಟ ಯಂತ್ರ) ಹಾಕಿಸಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. 24 ಗಂಟೆ ಎದೆಗೆ ವೈರ್ ಅಂಟಿಸಿಕೊಂಡೇ ಅಪ್ಪ ಅಂಗಳದಲ್ಲಿ ಮೆಣಸು ಹರವಿದರು, ರಾತ್ರಿ ನಿದ್ದೆಯಲ್ಲಿದ್ದಾಗ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಬಡಿಯುವುದು) ಸಿಕ್ಕಿಬಿತ್ತು. ಕಾಫಿ ಬಿಡಿಸಿದ್ದು ಮಾತ್ರ ದಂಡ, ಬಡಿತ ಹಾಗೇ ಇತ್ತು, ಸುಮ್ನೆ ಸಿಟ್ಟು ಜಾಸ್ತಿಯಾಯಿತು. ಥೈರಾಯ್ಡ್ ಕೂಡ ಸರಿಯಾಗಿಯೇ ಇದೆ.

ನನಗೆ ಹೊಸದು ಅನ್ನಿಸಿದ್ದು, ಇದರಲ್ಲಿ ದೊಡ್ಡ ಭಯ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಸ್ಟ್ರೋಕ್ ಆಗುವುದಂತೆ, ಅದಕ್ಕೆ ಆಸ್ಪಿರಿನ್ ಸಾಲದು, ಅಬ್ಲೇಷನ್ ಮಾಡಿಸಿದರೂ ಸ್ಟ್ರೋಕ್ ರಿಸ್ಕ್ ಇರುವವರು ರಕ್ತ ತೆಳು ಮಾಡುವ ಮಾತ್ರೆ ಬಿಡುವ ಹಾಗಿಲ್ಲ. ಆ ಮಾತ್ರೆ ವಾರ್ಫರಿನ್ ಆದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಅಳತೆ) 2ರಿಂದ 3ರೊಳಗೆ ಇದೆಯಾ ಅಂತ ಆಗಾಗ ರಕ್ತ ಕೊಡಬೇಕು, ತೋಟದಿಂದ ಅಷ್ಟು ಓಡಾಟ ಆಗದ ಮಾತು, ಹಾಗಾಗಿ ಆ ಪರೀಕ್ಷೆ ಬೇಡದ ಎಪಿಕ್ಸಬಾನ್ ಅನ್ನೋ ರಕ್ತ ತೆಳು ಮಾಡುವ ಮಾತ್ರೆ. ಜೊತೆಗೆ ಬಡಿತದ ವೇಗ ತಗ್ಗಿಸುವ ಮೆಟೊಪ್ರೊಲಾಲ್. ಮಾತ್ರೆಗೂ ಬಗ್ಗದಿದ್ದರೆ ಅಬ್ಲೇಷನ್ ನೋಡೋಣ ಅಂದಿದ್ದಾರೆ ಡಾಕ್ಟರು.