ಲೂಪಸ್‌ಗೆ ಏನನ್ನೋಣ? ‘ವಾತ’ ಅಂತೂ ಬೇಡ

ಎಲ್ಲರಿಗೂ ದಾವಣಗೆರೆಯಿಂದ ನಮಸ್ಕಾರ.

ಒಂದು ಪದ ಕೇಳೋಣ ಅಂತ ಕೂತೆ. ಬರೆಯುತ್ತಾ ಹೋದಂತೆ ಅದು ನಾಲ್ಕೈದು ಪದ ಆಯಿತು. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಅಕ್ಕನ ಮಗಳು ಎಂಟನೇ ಕ್ಲಾಸು. ಹೋದ ವರ್ಷ ಅವಳಿಗೆ ಲೂಪಸ್ ಅಂತ ಗೊತ್ತಾಯಿತು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಯ ಮೇಲೆ ತಿರುಗಿ ಬೀಳುವ ಕಾಯಿಲೆ ಅದು. ಈಗ ಅವಳ ಶಾಲೆಗೆ ಒಂದು ಪುಟದ ಚೀಟಿ ಬರೆದುಕೊಡಬೇಕು. ಪೀಟಿ ಮೇಷ್ಟ್ರು ಬಿಸಿಲಲ್ಲಿ ನಿಲ್ಲಿಸಬಾರದು. ಬೆಳಗಿನ ಮೊದಲ ಪೀರಿಯಡ್‌ನಲ್ಲಿ ಬರೆಯೋದು ನಿಧಾನವಾದರೆ ಬೈಯಬಾರದು. ಜ್ವರ ಬಂದರೆ ತಕ್ಷಣ ಮನೆಗೆ ಫೋನ್ ಮಾಡಬೇಕು. ಪಕ್ಕದಲ್ಲಿ ಕೂತವರಿಗೆ ಅಂಟುವುದಿಲ್ಲ. ಇಷ್ಟೇ ವಿಷಯ. ನಾನು ಬೇರೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು, ಹಾಗಾಗಿ ಕೆಲಸ ನನ್ನ ತಲೆಗೆ ಬಂತು. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ‘ಈ ಹುಡುಗಿಗೆ … ಇದೆ.’ ಆ ಚುಕ್ಕಿಗಳ ಜಾಗದಲ್ಲಿ ಏನು ಬರೆಯಲಿ?

ಮೊದಲು ‘ಲೂಪಸ್ ಎಂಬ ಸಂಧಿವಾತದ ಕಾಯಿಲೆ’ ಅಂತ ಬರೆದು ಅವಳಿಗೇ ಓದಿ ಹೇಳಿದೆ. ‘ಚಿಕ್ಕಮ್ಮ, ಇದು ಲೋಪಸಂಧಿನಾ?’ ಅಂದಳು. ಆ ವಾರ ಅವರ ಕ್ಲಾಸಿನಲ್ಲಿ ಊರು ಊರು ಸೇರಿ ಊರೂರು ಆಗುವ ಪಾಠ ನಡೆದಿತ್ತಂತೆ. ಇಬ್ಬರೂ ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ. ಲೋಪ ಅಂದರೆ ಕೊರತೆ, ತಪ್ಪು. ಕ್ಲಾಸಿನ ಹುಡುಗರಿಗೆ ಅಷ್ಟು ಸಿಕ್ಕರೆ ಸಾಕಲ್ವಾ? ಹಾಗಾಗಿ ಒಂದು ಸಣ್ಣ ಕೋರಿಕೆ: ಬರೆಯುವಾಗ ‘ಲೂಪಸ್’ ಅಂತಲೇ ಬರೆಯೋಣ. ‘ಲೋಪಸ್’ ಬೇಡ.

ಇನ್ನು ದೊಡ್ಡ ತಕರಾರು ‘ವಾತ’ದ್ದು. ರುಮಟಾಲಜಿಗೆ, ಅಂದರೆ ಕೀಲುನೋವು, ಲೂಪಸ್‌ನಂಥ ಕಾಯಿಲೆಗಳನ್ನು ನೋಡುವ ವಿಭಾಗಕ್ಕೆ, ಸಂಬಂಧಪಟ್ಟದ್ದನ್ನೆಲ್ಲ ಕನ್ನಡದಲ್ಲಿ ಸಂಧಿವಾತ, ಕೀಲುವಾತ ಅಂತ ಹಾಕುತ್ತಾರೆ. ಇಂಗ್ಲಿಷಿನ ಆ ಪದದ ಬೇರು ಗ್ರೀಕಿನ ‘ರ್‍ಯೂಮ’. ಹರಿಯುವುದು ಅಂತ ಅರ್ಥ. ಮೈಯೊಳಗಿನ ಕೆಟ್ಟ ನೀರು ಕೀಲಿಗೆ ಹರಿದು ನೋವಾಗುತ್ತದೆ ಅಂತ ಆಗಿನವರ ನಂಬಿಕೆ. ಕೀಲುನೋವಿಗೆ ಈ ಹೆಸರು ಗಟ್ಟಿಯಾದದ್ದು ಗಿಯೋಮ್ ದ ಬೈಯೂ ಎಂಬ ಫ್ರೆಂಚ್ ವೈದ್ಯನಿಂದ. ಅವನ ಬರಹ ಅಚ್ಚಾದದ್ದು ಅವನು ಸತ್ತ ಮೇಲೆ, 1642ರಲ್ಲಿ. ಅವರಿಗೆ ನೀರು ಹರಿಯಿತು, ನಮಗೆ ಗಾಳಿ ಸೇರಿಕೊಂಡಿತು. ಎರಡೂ ಹಳೆಯ ಊಹೆಗಳೇ. ಆದರೆ ಇಂಗ್ಲಿಷಿನವರಿಗೆ ಆ ನೀರು ಈಗ ನೆನಪಿಲ್ಲ. ನಮ್ಮ ಗಾಳಿ ಇನ್ನೂ ಅಡುಗೆಮನೆಯಲ್ಲಿ ಬದುಕಿದೆ. ತೊಂದರೆ ಇರುವುದು ಅಲ್ಲೇ.

ನಮ್ಮಮ್ಮ ‘ವಾತ’ ಅಂತ ಕೇಳಿದ್ದೇ ತಡ, ಆಲೂಗಡ್ಡೆ ವಾಯು, ಬದನೆಕಾಯಿ ನಂಜು ಅಂತ ಎರಡನ್ನೂ ಮನೆಗೆ ತರೋದು ನಿಲ್ಲಿಸಿದರು. ಎಣ್ಣೆ ಕಾಯಿಸಿ ಮಂಡಿಗೆ ಉಜ್ಜಿದರು. ‘ವಾತ ಮುದುಕರಿಗೆ ಬರೋದು, ಈ ಕೂಸಿಗೆ ಎಲ್ಲಿಂದ ಬಂತು?’ ಅಂತ ಡಾಕ್ಟರ ಮಾತನ್ನೇ ನಂಬಲಿಲ್ಲ. ಅವರು ನಿಜವಾಗಿ ನಿಲ್ಲಿಸಬೇಕಿದ್ದದ್ದು ಉಪ್ಪು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾತ್ರ ಸಂಜೆ ಸಂಜೆ ನಡೆದೇ ಇತ್ತು! ಉಪ್ಪು ಯಾಕೆ ಬೇಡ ಅಂದರೆ, ಅವಳ ಕಾಯಿಲೆ ಕೀಲಿಗಿಂತ ಜಾಸ್ತಿ ತೊಂದರೆ ಕೊಟ್ಟದ್ದು ಕಿಡ್ನಿಗೆ. ಮೂತ್ರದಲ್ಲಿ ನೊರೆ ಬರುತ್ತಿತ್ತು, ಪ್ರೋಟೀನ್ ಹೋಗುತ್ತಿತ್ತು. ದೊಡ್ಡವರ ಲೂಪಸ್‌ಗಿಂತ ಮಕ್ಕಳ ಲೂಪಸ್ ಕಿಡ್ನಿಯನ್ನು ಹಿಡಿಯುವುದು ಜಾಸ್ತಿ. ಕಿಡ್ನಿಯ ತೊಂದರೆಯನ್ನು ಸಂಧಿವಾತ ಅಂತ ಕರೆದರೆ ಯಾರಿಗೆ ಅರ್ಥವಾಗಬೇಕು?

ಇದೇ ಪದ ಇನ್ನೊಂದು ಗೊಂದಲವನ್ನೂ ಹುಟ್ಟಿಸಿದೆ. ಕೀಲು ನೋವಿಗೆ ಮಾಡಿಸುವ ಆರ್‌ಎ ಫ್ಯಾಕ್ಟರ್ ಪರೀಕ್ಷೆಗೆ ನಮ್ಮ ಕಡೆ ‘ವಾತದ ಟೆಸ್ಟ್’ ಅನ್ನುತ್ತಾರೆ. ಮಕ್ಕಳ ಕೀಲು ಉರಿಯೂತದಲ್ಲಿ ಅದು ಬಹಳ ಸಲ ನೆಗೆಟಿವ್ ಬರುತ್ತದೆ. ‘ವಾತ ಇಲ್ಲ ಅಂತ ಬಂದೈತೆ’ ಅಂತ ಜನ ಸುಮ್ಮನಾಗುತ್ತಾರೆ. ಪಕ್ಕದ ಬೀದಿಯ ಹುಡುಗನಿಗೆ ಇರುವುದು ರುಮ್ಯಾಟಿಕ್ ಜ್ವರ. ಗಂಟಲ ಸೋಂಕಿನಿಂದ ಶುರುವಾಗಿ ಹೃದಯದ ಕವಾಟಕ್ಕೆ ಹೋಗುವಂಥದ್ದು. 21 ದಿನಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್. ಅವನ ತಾಯಿ ಅಕ್ಕನಿಗೆ ‘ನಿಮ್ಮದೂ ನಮ್ಮದೂ ಒಂದೇ ವಾತ, ನೀವು ಯಾಕೆ ಇಂಜೆಕ್ಷನ್ ಕೊಡಿಸ್ತಿಲ್ಲ?’ ಅಂತ ಕೇಳಿದರು. ಪಾಪ, ಅವರ ತಪ್ಪೇನು? ಎರಡಕ್ಕೂ ನಾವು ಒಂದೇ ಹೆಸರು ಹಚ್ಚಿದ್ದೇವೆ.

ಹಾಗಾದರೆ ಮೂಲದ ಅರ್ಥ ಹಿಡಿಯೋಣವೇ? ಲ್ಯಾಟಿನ್ನಿನಲ್ಲಿ ಲೂಪಸ್ ಅಂದರೆ ತೋಳ. ತೋಳ ಕಚ್ಚಿದ ಹಾಗೆ ಚರ್ಮ ಹಾಳಾಗುತ್ತದೆ ಅಂತ ಹಿಂದಿನ ಯುರೋಪಿನಲ್ಲಿ ಹಲವು ಹುಣ್ಣುಗಳಿಗೆ ಈ ಹೆಸರಿಟ್ಟಿದ್ದರು. ಚರ್ಮದ ಕ್ಷಯವೂ ಅದರಲ್ಲಿ ಒಂದು. ಪ್ರಾಣಿಯ ಹೆಸರು ನಮಗೆ ಹೊಸದಲ್ಲ. ಆನೆಕಾಲು ರೋಗ, ನಾಯಿಕೆಮ್ಮು, ಇಲಿಜ್ವರ, ಸರ್ಪಸುತ್ತು, ಮಂಗನಬಾವು, ಮಂಗನ ಕಾಯಿಲೆ. ಇದರಲ್ಲೂ ಒಂದು ಮಜಾ ಇದೆ. ಮಂಗನ ಕಾಯಿಲೆಯಲ್ಲಿ ನಿಜವಾಗಿ ಮಂಗ ಸಾಯುತ್ತದೆ. ಮಂಗನಬಾವಿನಲ್ಲಿ ಮಂಗ ಇಲ್ಲ, ಬರೀ ಉಬ್ಬಿದ ಕೆನ್ನೆ. ‘ತೋಳರೋಗ’ ಎರಡನೆಯ ಗುಂಪಿಗೆ ಸೇರಬಹುದಿತ್ತು. ಆದರೆ ನಮ್ಮಪ್ಪನ ಊರು ಚಳ್ಳಕೆರೆ ಕಡೆ, ಕುರಿ ಸಾಕುವವರು ಜಾಸ್ತಿ. ಅಲ್ಲಿ ‘ಹಟ್ಟಿಗೆ ತೋಳ ಬಿತ್ತು’ ಅಂದರೆ ಮರಿ ಹೋಯಿತು ಅಂತಲೇ ಲೆಕ್ಕ. ಮಗುವಿನ ಮೈಗೆ ಆ ಹೆಸರು ಹಚ್ಚಲು ನನಗೆ ಮನಸ್ಸಿಲ್ಲ.

ಮುಖದ ಕೆಂಪಿಗೂ ಪದ ಸಿಗಲಿಲ್ಲ. ಎರಡು ಕೆನ್ನೆ ಮತ್ತು ಮೂಗಿನ ಮೇಲೆ ರೆಕ್ಕೆ ಬಿಚ್ಚಿದ ಹಾಗೆ ಬರುತ್ತದೆ. ಮೂಗಿನ ಪಕ್ಕದಿಂದ ಬಾಯಿ ಕಡೆ ಇಳಿಯುವ ಗೆರೆ ಮಾತ್ರ ಹಾಗೇ ಉಳಿಯುತ್ತದೆ. ಅಮ್ಮ ಅದನ್ನು ಬಂಗು ಅಂದರು. ಬಂಗು ಕಂದು, ಬರುವುದು ದೊಡ್ಡವರಿಗೆ. ದದ್ದು ಅಂದರೆ ತುರಿಕೆ ಇರಬೇಕು. ಗಂಧೆ ಬೆಳಗ್ಗೆ ಬಂದು ಸಂಜೆಗೆ ಹೋಗುತ್ತದೆ. ಮಚ್ಚೆ ಹುಟ್ಟಿನಿಂದ ಇರುವುದು. ಸದ್ಯಕ್ಕೆ ‘ಪಾತರಗಿತ್ತಿ ಕೆಂಪು’ ಅಂತ ಬರೆದಿದ್ದೇನೆ. ಅವಳಿಗೆ ಅದು ಹಿಡಿಸಿದೆ. ನಿಮ್ಮ ಕಡೆ ಚಿಟ್ಟೆ ಅನ್ನುವವರಿಗೂ ಹಿಡಿಸುತ್ತಾ?

ಒಂದು ಪದ ಮಾತ್ರ ಸಲೀಸಾಗಿ ಸಿಕ್ಕಿತು. ಬೆಳಗ್ಗೆ ಎದ್ದಾಗ ಬೆರಳು, ಮಂಡಿ ಮಡಚಲು ಆಗದೆ ಇರುವುದಕ್ಕೆ ಪುಸ್ತಕದಲ್ಲಿ ‘ಪೆಡಸುತನ’ ಅಂತ ಇತ್ತು. ಹಾಗೆ ಯಾರು ಮಾತಾಡುತ್ತಾರೆ? ನಮ್ಮಲ್ಲಿ ‘ಕೈಕಾಲು ಹಿಡ್ಕಂಡಾವೆ’ ಅನ್ನುತ್ತಾರೆ. ಡಾಕ್ಟರು ‘ಸ್ಟಿಫ್‌ನೆಸ್ ಇದೆಯಾ’ ಅಂದಾಗ ಅಕ್ಕ ಇಲ್ಲ ಅಂದಿದ್ದಳು. ‘ಬೆಳಗ್ಗೆ ಹಿಡ್ಕಂಡಿರ್ತಾವಾ, ಎಷ್ಟು ಹೊತ್ತು?’ ಅಂತ ಕೇಳಿದಾಗ, ಸ್ನಾನ ಆಗೋವರೆಗೂ ಅಂತ ತಕ್ಷಣ ಹೇಳಿದಳು.

ಲೂಪಸ್‌ನಂಥ, ಮೈಯ ಕಾವಲೇ ಮೈಗೆ ಎದುರಾಗುವ ಕಾಯಿಲೆಗಳಿಗೆ ಇಂಗ್ಲಿಷಿನಲ್ಲಿ ಆಟೋ ಇಮ್ಯೂನ್ ಅನ್ನುತ್ತಾರೆ. ಅದಕ್ಕೆ ‘ಸ್ವಯಂ ರಕ್ಷಣಾ ಕಾಯಿಲೆ’ ಅಂತ ಒಂದು ಕರಪತ್ರದಲ್ಲಿ ಓದಿದೆ. ಅದು ಅರ್ಥವನ್ನೇ ತಲೆಕೆಳಗು ಮಾಡುತ್ತದೆ. ಕರಾಟೆ ಕ್ಲಾಸಿನ ಬೋರ್ಡ್ ಇದ್ದ ಹಾಗಿದೆ. ಅಮ್ಮನಿಗೆ ನಾನು ‘ಬೇಲಿನೇ ಎದ್ದು ಹೊಲ ಮೇಯ್ದಂಗೆ’ ಅಂದೆ. ಒಂದೇ ಸಲಕ್ಕೆ ಅರ್ಥವಾಯಿತು, ಎಣ್ಣೆ ಉಜ್ಜೋದೂ ನಿಂತಿತು. ಆದರೆ ಗಾದೆಯಿಂದ ಕಾಯಿಲೆಯ ಹೆಸರು ಮಾಡುವುದು ಹೇಗೆ? ‘ಬೇಲಿಮೇವು’ ಅಂದರೆ ನಗುತ್ತೀರಿ.

ಡಾಕ್ಟರ ಹೆಸರೂ ಹಾಗೇ. ಮುಖಕ್ಕೆ ಚರ್ಮದ ಡಾಕ್ಟ್ರು, ಮಂಡಿಗೆ ಮೂಳೆ ಡಾಕ್ಟ್ರು, ಜ್ವರಕ್ಕೆ ಮಕ್ಕಳ ಡಾಕ್ಟ್ರು. ಮೂರೂ ಚೀಟಿ ಒಟ್ಟಿಗೆ ಇಟ್ಟು ನೋಡಿದ್ದು ಮೂರನೆಯವರು. ಅಲ್ಲಿಂದ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿಗೆ, ಮಕ್ಕಳ ರುಮಟಾಲಜಿಸ್ಟ್ ಹತ್ತಿರ. ‘ಯಾವ ಡಾಕ್ಟ್ರಿಗೆ ತೋರಿಸ್ತಿದೀರಿ?’ ಅಂತ ಕೇಳಿದವರಿಗೆ ಇವತ್ತಿಗೂ ಅಕ್ಕನ ಹತ್ತಿರ ಉತ್ತರ ಇಲ್ಲ. ‘ಮಕ್ಕಳ ಉರಿಯೂತದ ಡಾಕ್ಟ್ರು’ ಅಂದರೆ ಆಗುತ್ತಾ? ಉರಿಯೂತ ಕಟ್ಟಿದ ಪದವಾದರೂ ಕಿವಿಗೆ ಹೊಂದಿಕೊಂಡಿದೆ. ಕೀಲು, ಕಿಡ್ನಿ, ಚರ್ಮ ಎಲ್ಲಕ್ಕೂ ಸಲ್ಲುತ್ತದೆ. ಅಲ್ಲಿ ಕಾಯುವಾಗ ಒಬ್ಬ ತಂದೆ ಸಿಕ್ಕಿದ್ದರು. ಮಗನಿಗೆ ‘ಜುವೆನೈಲ್’ ಆರ್ಥ್ರೈಟಿಸ್ (ಮಕ್ಕಳ ಕೀಲು ಉರಿಯೂತ) ಅಂದಾಗ ಅವರಿಗೆ ಹೊಳೆದದ್ದು ಪೇಪರಿನ ಜುವೆನೈಲ್ ಕೋರ್ಟು! ಹದಿನಾರರೊಳಗೆ ಶುರುವಾದದ್ದು ಅಂತ ಅಷ್ಟೇ ಅದರ ಅರ್ಥ.

ಕೊನೆಗೆ ಕ್ರಿಯಾಪದ. ಜ್ವರ ‘ಬಂದಿದೆ’, ಮಂಗನಬಾವು ‘ಆಗಿದೆ’, ಸಕ್ಕರೆ ಕಾಯಿಲೆ ‘ಇದೆ’. ಬಂದದ್ದು ಹೋಗುತ್ತದೆ. ಇರುವುದು ಇರುತ್ತದೆ. ‘ಲೂಪಸ್ ಬಂದಿದೆ’ ಅಂತ ಬರೆದರೆ ಮುಂದಿನ ತಿಂಗಳು ಮೇಷ್ಟ್ರು ‘ಹೋಯ್ತಾ?’ ಅಂತ ಕೇಳುತ್ತಾರೆ. ‘ಇದೆ’ ಅಂತ ಬರೆದರೆ ಅಕ್ಕನ ಕಣ್ಣು ತುಂಬುತ್ತದೆ. ಈ ಕಾಯಿಲೆ ಕೆಲವು ತಿಂಗಳು ಕೆರಳುತ್ತದೆ, ಮಾತ್ರೆ ತಪ್ಪದಿದ್ದರೆ ಎಷ್ಟೋ ಕಾಲ ತಣ್ಣಗಿರುತ್ತದೆ. ‘ಈಗ ತಣ್ಣಗಿದೆ’ ಅನ್ನುವುದನ್ನು ಮೇಷ್ಟ್ರು ‘ವಾಸಿಯಾಗಿದೆ’ ಅಂತ ಓದಿಕೊಳ್ಳುತ್ತಾರಾ? ನನಗೆ ಮುಖ್ಯವಾಗಿ ಬೇಕಾಗಿರುವುದು ಈ ಒಂದು ಸಾಲು. ನಿಮ್ಮ ಊರಲ್ಲಿ ಇಂಥ ಕಾಯಿಲೆ ಸುಮ್ಮನಿರುವಾಗ ಏನನ್ನುತ್ತಾರೆ, ಹೇಳಿ. ಚೀಟಿ ಸೋಮವಾರ ಕೊಡಬೇಕು.