ಪಿಎಚ್‌ಡಿ ವಿದ್ಯಾರ್ಥಿಗಳ ಪ್ರತಿನಿಧಿಯನ್ನು ನಾವೇ ವೋಟು ಹಾಕಿ ಆರಿಸಬಹುದಾ?

ಮಾರ್ಕಂಡೇಯ ದಂಡೆ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿವಿ ಹೆಸರು ಬೇಡ, ವಿಷಯ ಮುಖ್ಯ. ಹೋದ ವಾರ ನಮ್ಮ ವಿಭಾಗಕ್ಕೆ ಒಂದು ಸುತ್ತೋಲೆ ಬಂದಿತ್ತು, ಯಾವುದೋ ಸಮಿತಿಗೆ ಸಂಶೋಧನಾ ವಿದ್ಯಾರ್ಥಿಗಳ ಪರವಾಗಿ ಒಬ್ಬರ ಹೆಸರು ಕಳಿಸಿ ಅಂತ. ಸಂಜೆಯೊಳಗೆ ಹೆಸರು ಹೋಗಿಯೂ ಬಿಟ್ಟಿತು. ಸ್ಟಾಫ್ ರೂಮಿನಲ್ಲಿ ಯಾರೋ ಒಂದು ಹೆಸರು ಹೇಳಿದರು, ಕ್ಲರ್ಕ್ ಬರೆದುಕೊಂಡರು, ಅಷ್ಟೇ. ಆ ಹುಡುಗ ಒಳ್ಳೆಯವನು, ಅವನ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಅವನಿಗೇ ವಿಷಯ ಗೊತ್ತಾಗಿದ್ದು ಮರುದಿನ!

ನಮ್ಮ ಕಷ್ಟ ಇಲ್ಲಿ ಬಹಳ ಜನರಿಗೆ ಗೊತ್ತಿರುವಂಥದ್ದೇ. ಫೆಲೋಶಿಪ್ ಬಿಲ್ಲಿಗೆ ಗೈಡ್ (ಸಂಶೋಧನಾ ಮಾರ್ಗದರ್ಶಕರು) ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಹಾಜರಿ ಪತ್ರ ಎಲ್ಲ ಸೇರಿಸಿ ಕೊಟ್ಟರೂ ಒಂದು ಸಹಿಯ ಕೆಳಗೆ ದಿನಾಂಕ ಇಲ್ಲ ಅಂತ ಫೈಲ್ ವಾಪಸ್ ಬರುತ್ತದೆ, ಆ ತಿಂಗಳ ರೂಮ್ ಬಾಡಿಗೆಗೆ ಮತ್ತೆ ಊರಿಗೆ ಫೋನ್ ಮಾಡಬೇಕು. ಒಬ್ಬೊಬ್ಬರೇ ಹೋಗಿ ಟೇಬಲ್ ಮುಂದೆ ನಿಲ್ಲುತ್ತೇವೆ, ಒಬ್ಬೊಬ್ಬರೇ ವಾಪಸ್ ಬರುತ್ತೇವೆ. ನಮ್ಮ ಪರವಾಗಿ ಮಾತಾಡುವವರನ್ನು ನಾವೇ ಆರಿಸಿದರೆ ಇದು ಸ್ವಲ್ಪವಾದರೂ ಬದಲಾಗುತ್ತದೆ ಅಂತ ನನಗೆ ಅನಿಸುತ್ತದೆ.

ಇದಕ್ಕೆ ನಿಯಮ ಇದೆಯಾ? ಪಾರ್ಟ್‌ಟೈಮ್‌ನವರಿಗೂ ವೋಟು ಇರಬೇಕಾ? 28 ವರ್ಷ ದಾಟಿದವರು ನಿಲ್ಲುವ ಹಾಗಿಲ್ಲ ಅಂತ ಒಬ್ಬ ಸೀನಿಯರ್ ಹೇಳಿದರು, ನಮ್ಮಲ್ಲಿ ಬಹಳ ಜನ ಅದನ್ನು ದಾಟಿದವರೇ. ಗೈಡ್ ಮುನಿಸಿಕೊಂಡರೆ ಏನು ಗತಿ ಅನ್ನುವ ಹೆದರಿಕೆ ಬೇರೆ. ತಿಳಿದವರು ಹೇಳಿ.

ಕಿತ್ತೂರ ದಾರಿ

28ರ ಮಾತು ಲಿಂಗ್ಡೋ ಸಮಿತಿಯದು. ಹಿಂದೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಅವರ ಸಮಿತಿ 2006ರಲ್ಲಿ ವರದಿ ಕೊಟ್ಟಿತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದನ್ನು ಜಾರಿ ಮಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಲ್ಲುವ ಸಂಶೋಧನಾ ವಿದ್ಯಾರ್ಥಿಗೆ ವಯಸ್ಸು 28 ಮೀರಬಾರದು, ಒಬ್ಬರ ಖರ್ಚು 5,000 ರೂಪಾಯಿ ದಾಟಬಾರದು, ಪ್ರಿಂಟ್ ಹಾಕಿಸಿದ ಪೋಸ್ಟರ್ ಬೇಡ, ಕೈಬರಹದ್ದು ಮಾತ್ರ, ನಾಮಪತ್ರದಿಂದ ಫಲಿತಾಂಶದವರೆಗೆ 10 ದಿನದಲ್ಲಿ ಮುಗಿಯಬೇಕು, ಹೀಗೆಲ್ಲ ಅದರಲ್ಲಿ ಇದೆ. ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದ ವಿಷಯದಲ್ಲಿ ಕೋರ್ಟು ಆಮೇಲೆ ಈ ವಯಸ್ಸನ್ನು 30ಕ್ಕೆ ಸಡಿಲಿಸಿತು. ಆದರೆ ಇದು ಸಂಘದ ಚುನಾವಣೆಯ ಮಾತು. ಒಂದು ವಿಭಾಗದವರು ಕೂತು ತಮ್ಮ ಪರವಾಗಿ ಮಾತಾಡಲು ಒಬ್ಬರನ್ನು ಆರಿಸಿಕೊಳ್ಳುವುದಕ್ಕೆ 28ರ ಗೆರೆ ಎಳೆಯಬೇಕಾಗಿಲ್ಲ. ಇನ್ನೊಂದು ಮಾತು ಇದೇ ವರದಿಯಲ್ಲಿದೆ, ಅದನ್ನು ಮಾತ್ರ ಯಾರೂ ನೆನಪಿಸುವುದಿಲ್ಲ: ಹೆಸರು ಸೂಚಿಸುವ ಪದ್ಧತಿ ತಾತ್ಕಾಲಿಕ, 5 ವರ್ಷದೊಳಗೆ ಎಲ್ಲ ಸಂಸ್ಥೆಗಳೂ ಚುನಾವಣೆಗೆ ಬರಬೇಕು ಅಂತ.

ಈಗ ನೀವು ಮೊದಲು ಮಾಡಬೇಕಾದ್ದು ಆ ಸುತ್ತೋಲೆ ಯಾವ ಸಮಿತಿಗೆ ಅಂತ ನೋಡುವುದು. ಎಲ್ಲ ಸಮಿತಿಗೂ ಒಂದೇ ನಿಯಮ ಇಲ್ಲ.

ಅದು ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿಗಾದರೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ನಿಯಮ ಬರುತ್ತದೆ. ಅದರಲ್ಲಿ ವಿದ್ಯಾರ್ಥಿ ಪ್ರತಿನಿಧಿ ವಿಶೇಷ ಆಹ್ವಾನಿತ, ಓದಿನಲ್ಲೋ ಕ್ರೀಡೆಯಲ್ಲೋ ಮುಂದಿರುವವರನ್ನು ನೋಡಿ ವಿವಿಯೇ ಹೆಸರಿಸುತ್ತದೆ. ಅಲ್ಲಿ ಚುನಾವಣೆ ಬೇಕೇ ಬೇಕು ಅಂತ ಹಟ ಹಿಡಿಯಲು ಬರುವುದಿಲ್ಲ. ನಾವು ಆರಿಸಿದವರನ್ನೇ ಹೆಸರಿಸಿ ಅಂತ ಕೇಳಬಹುದು, ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು.

ಆದರೆ ಅದು ಲೈಂಗಿಕ ಕಿರುಕುಳದ ದೂರು ನೋಡುವ ಆಂತರಿಕ ಸಮಿತಿಗಾದರೆ ಮಾತೇ ಬೇರೆ. ಯುಜಿಸಿಯ 2015ರ ನಿಯಮ ಸ್ಪಷ್ಟವಾಗಿದೆ. ವಿದ್ಯಾರ್ಥಿಗಳಿಗೆ ಸಂಬಂಧಪಟ್ಟ ದೂರು ಬಂದಾಗ ಸಮಿತಿಯಲ್ಲಿ ಮೂವರು ವಿದ್ಯಾರ್ಥಿಗಳು ಇರಬೇಕು: ಪದವಿಯಿಂದ ಒಬ್ಬರು, ಸ್ನಾತಕೋತ್ತರದಿಂದ ಒಬ್ಬರು, ಸಂಶೋಧನೆಯಿಂದ ಒಬ್ಬರು. ಅವರನ್ನು ಪಾರದರ್ಶಕವಾಗಿ, ಪ್ರಜಾಪ್ರಭುತ್ವದ ರೀತಿಯಲ್ಲಿ ಆರಿಸಿರಬೇಕು. ಕುಲಪತಿ, ಕುಲಸಚಿವರು, ಡೀನ್, ವಿಭಾಗದ ಮುಖ್ಯಸ್ಥರು ಈ ಸಮಿತಿಯಲ್ಲಿ ಇರುವಂತೆಯೇ ಇಲ್ಲ, ಸಮಿತಿ ಯಾರ ಕೈಗೂ ಸಿಗಬಾರದು ಅಂತಲೇ ಹಾಗೆ ಮಾಡಿದ್ದು. ಸಮಿತಿಯಲ್ಲಿ ಇರಬಾರದವರು ಸಮಿತಿಗೆ ಹೋಗುವ ವಿದ್ಯಾರ್ಥಿಯನ್ನು ಮಾತ್ರ ತಾವೇ ಹೇಳಿ ಕಳಿಸಿದರೆ ಆ ನಿಯಮಕ್ಕೆ ಏನು ಅರ್ಥ ಉಳಿಯಿತು, ಹೇಳಿ.

ಬಾರಾ ಕಮಾನ್ (ವಿಜಯಪುರ)

ತಮ್ಮಾ, ಪಾರ್ಟ್‌ಟೈಮ್‌ನವರನ್ನು ಬಿಡಬೇಡಿ. ನಾನೂ ಅವರಲ್ಲಿ ಒಬ್ಬಳು. ಡಿಗ್ರಿ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್, ಶನಿವಾರ ಮಧ್ಯಾಹ್ನ ಕ್ಲಾಸ್ ಮುಗಿಸಿ ಬಸ್ ಹಿಡಿದು ಗೈಡ್ ಹತ್ತಿರ ಹೋಗುತ್ತೇನೆ. ಜೆಆರ್‌ಎಫ್ ಫೆಲೋಶಿಪ್ ಇದ್ದು ತಿಂಗಳಿಗೆ 37,000 ಬರುವವರ ಚಿಂತೆ ಬೇರೆ, ಒಂದು ರೂಪಾಯಿ ಫೆಲೋಶಿಪ್ ಇಲ್ಲದೆ ಫೀ ಕಟ್ಟಿ ಓದುವವರ ಚಿಂತೆ ಬೇರೆ. ಬರೀ ಹಾಸ್ಟೆಲಿನಲ್ಲಿ ಇರುವವರು ಸೇರಿ ಆರಿಸಿದರೆ ನಮ್ಮ ಮಾತು ಅಲ್ಲಿಗೆ ಮುಟ್ಟುವುದೇ ಇಲ್ಲ.

2022ರ ಯುಜಿಸಿ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಬೇಕಾದರೆ ಇನ್ನೂ 2 ವರ್ಷ ಅಂತ ಇದೆ. ಹೆಣ್ಣುಮಕ್ಕಳಿಗೆ ಅದರ ಮೇಲೆ 2 ವರ್ಷ ಜಾಸ್ತಿ, ಒಟ್ಟು 10 ದಾಟಬಾರದು. ಹೆರಿಗೆ ರಜೆ, ಮಗುವಿನ ಆರೈಕೆ ರಜೆ 240 ದಿನದವರೆಗೆ ಸಿಗುತ್ತದೆ. ಇದು ಕಾಗದದಲ್ಲಿ ಇದೆ, ಆದರೆ ಕೇಳಲು ಹೋದ ಹುಡುಗಿ ಒಬ್ಬಳೇ ಆದರೆ "ನೋಡೋಣ ಬಿಡಮ್ಮಾ" ಅನ್ನುವ ಉತ್ತರ ಬರುತ್ತದೆ. ಎಲ್ಲರ ವೋಟು ಪಡೆದ ಒಬ್ಬರು ನಿಯಮದ ಪ್ರತಿ ಕೈಯಲ್ಲಿ ಹಿಡಿದು ಜೊತೆಗೆ ಹೋದರೆ ಹಾಗೆ ಹೇಳಿ ಕಳಿಸುವುದು ಕಷ್ಟ.

ಅದಕ್ಕೆ ಮತದಾನ ಶನಿವಾರ ಇಡಿ. ಸಂಜೆ 5ರವರೆಗೆ ಇರಲಿ. ಬರಲಾಗದವರಿಗೆ ವಿವಿ ಕೊಟ್ಟ ಇಮೇಲಿನಿಂದ ವೋಟು ಮಾಡಲು ದಾರಿ ಮಾಡಿ, ಆದರೆ ಗುಟ್ಟು ಉಳಿಯಬೇಕು. ಕೈ ಎತ್ತಿ ಅಂತ ಮಾತ್ರ ಯಾವತ್ತೂ ಮಾಡಬೇಡಿ. ಗೈಡ್ ಎದುರಿಗೆ ಕೂತಿದ್ದಾಗ ಯಾರು ತಾನೇ ಮನಸ್ಸಿಗೆ ಬಂದಂತೆ ಕೈ ಎತ್ತುತ್ತಾರೆ?

ನವನಗರ (ಬಾಗಲಕೋಟೆ, ಈಗ ಜರ್ಮನಿ)

ಇಲ್ಲಿನ ಪದ್ಧತಿ ಹೇಳುತ್ತೇನೆ, ಉಪಯೋಗಕ್ಕೆ ಬಂದರೆ ನೋಡಿ. ಮ್ಯಾಕ್ಸ್ ಪ್ಲಾಂಕ್ ಅನ್ನುವ ಸಂಶೋಧನಾ ಸಂಸ್ಥೆಗಳಲ್ಲಿ ಪಿಎಚ್‌ಡಿ ಮಾಡುವವರು ತಮ್ಮ ತಮ್ಮ ಸಂಸ್ಥೆಯಲ್ಲಿ ಪ್ರತಿನಿಧಿಗಳನ್ನು ತಾವೇ ಆರಿಸುತ್ತಾರೆ. ಅವರೆಲ್ಲ ಸೇರಿದ ಜಾಲ 2003ರಿಂದ ಇದೆ. ಅವರು ಎಲ್ಲರಿಗೂ ಪ್ರಶ್ನೆಪತ್ರ ಕಳಿಸಿ, ಸಂಬಳ ಎಷ್ಟು, ವಾರಕ್ಕೆ ಎಷ್ಟು ಗಂಟೆ ಕೆಲಸ, ಗೈಡ್ ಜೊತೆ ಸಂಬಂಧ ಹೇಗಿದೆ ಅಂತ ಕೇಳಿ ಅಂಕಿ ಸಮೇತ ಮುಂದಿಡುತ್ತಾರೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಂತೂ ಪಿಎಚ್‌ಡಿ ವಿದ್ಯಾರ್ಥಿಗಳ ಸಭೆ ಕಾನೂನಿನಲ್ಲೇ ಇದೆ, ಪಿಎಚ್‌ಡಿ ನಿಯಮಾವಳಿಯ ಕರಡು ಮೊದಲು ಅವರ ಅಭಿಪ್ರಾಯಕ್ಕೆ ಹೋಗುತ್ತದೆ.

ಗೈಡ್ ಹೆದರಿಕೆಗೆ ನನಗೆ ಗೊತ್ತಿರುವ ಮದ್ದು ಒಂದೇ. ಒಬ್ಬರನ್ನು ಆರಿಸಬೇಡಿ, ಇಬ್ಬರು ಮೂವರನ್ನು ಆರಿಸಿ, ಬೇರೆ ಬೇರೆ ಗೈಡ್ ಕೈಕೆಳಗೆ ಇರುವವರನ್ನು. ಯಾರದ್ದೇ ತಕರಾರು ಇರಲಿ, ಅರ್ಜಿ ಮೂವರ ಸಹಿಯಲ್ಲಿ ಹೋಗಲಿ, ತಕರಾರು ಕೊಟ್ಟವರ ಹೆಸರು ಅದರಲ್ಲಿ ಬೇಡ. ನಿಮ್ಮ ಗೈಡ್ ವಿಷಯ ಬಂದರೆ ನೀವು ಹಿಂದೆ ಸರಿದು ಇನ್ನಿಬ್ಬರು ಮಾತಾಡಲಿ. ಇದನ್ನು ಮೊದಲೇ ಬರೆದಿಟ್ಟುಕೊಳ್ಳಿ, ಆಮೇಲೆ ಜಗಳ ಬರುವುದಿಲ್ಲ.

ಮಾರ್ಕಂಡೇಯ ದಂಡೆ

ಎಲ್ಲರಿಗೂ ಧನ್ಯವಾದ. ಇವತ್ತು ಆಫೀಸಿಗೆ ಹೋಗಿ ಸುತ್ತೋಲೆ ತೆಗೆಸಿ ಓದಿದೆ. ಅದು ಆಂತರಿಕ ಸಮಿತಿಗೇ! ವಿಭಾಗದಲ್ಲಿ ಇಷ್ಟು ಜನ ಹೆಣ್ಣುಮಕ್ಕಳು ಸಂಶೋಧನೆ ಮಾಡುತ್ತಿದ್ದಾರೆ, ಒಬ್ಬರನ್ನೂ ಕೇಳಿಲ್ಲ. ಹೆಸರು ಹೋದ ಹುಡುಗನಿಗೆ ತೋರಿಸಿದೆ, ಅವನೂ ಹಿಂದೆ ಸರಿಯಲು ಒಪ್ಪಿದ್ದಾನೆ, ಪತ್ರ ಬರೆದುಕೊಡುತ್ತಾನಂತೆ. ಅಕ್ಕಾ, ಅರ್ಜಿಯಲ್ಲಿ ಏನು ಬರೆಯಲಿ?

ಬಾರಾ ಕಮಾನ್ (ವಿಜಯಪುರ)

ಒಂದೇ ಪುಟ ಸಾಕು, ಜಗಳದ ಮಾತು ಬೇಡ. ಕುಲಸಚಿವರಿಗೆ ಬರೆದು ಸಮಿತಿಯ ಅಧ್ಯಕ್ಷರಿಗೆ ಒಂದು ಪ್ರತಿ ಕೊಡಿ. 2015ರ ನಿಯಮದಲ್ಲಿ ಚುನಾಯಿಸಬೇಕು ಅಂತ ಇರುವ ಸಾಲನ್ನು ಹಾಗೇ ಎತ್ತಿ ಬರೆಯಿರಿ, ಹುಡುಗನ ಪತ್ರ ಲಗತ್ತಿಸಿ, ಎಲ್ಲ ವಿಭಾಗಗಳ ಪಿಎಚ್‌ಡಿ ವಿದ್ಯಾರ್ಥಿಗಳ ಪಟ್ಟಿ ಕೊಡಿ ಅಂತ ಕೇಳಿ. ಪಟ್ಟಿ ಕೈಗೆ ಬಂದರೆ ಅರ್ಧ ಕೆಲಸ ಆದಂತೆ, ಯಾಕೆಂದರೆ ಪಾರ್ಟ್‌ಟೈಮ್‌ನವರು ಯಾರಿದ್ದಾರೆ ಅಂತ ಈಗ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಸಹಿ ಹಾಕಿಸುವಾಗ ಮೊದಲು ಹುಡುಗಿಯರ ಹತ್ತಿರ ಹೋಗಿ, ನಿಲ್ಲುವ ಮನಸ್ಸು ಯಾರಿಗಿದೆ ಅಂತಲೂ ಆಗಲೇ ಕೇಳಿ. ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಆವಕ ವಿಭಾಗದ ಸೀಲ್ ಹಾಕಿಸಿಕೊಳ್ಳಲು ಮರೆಯಬೇಡಿ.